ಎರಡನೇ ಕ್ಯಾಮೆರಾ

ಡೈರೆಕ್ಟರು ಮೂವತ್ತೊಂದು ವರ್ಷಗಳಲ್ಲಿ ಒಂಬತ್ತು ಸಿನಿಮಾ ಮಾಡಿದ್ದರು. ಒಂಬತ್ತರಲ್ಲಿ ಒಂದರಲ್ಲೂ ಮಾತಾಡುವವರ ಮುಖ ಕಾಣುವುದಿಲ್ಲ. ಕೇಳಿಸಿಕೊಳ್ಳುವವರ ಮುಖ ಮಾತ್ರ ಕಾಣುತ್ತದೆ. ಮನೆ ಬಿಟ್ಟು ಹೋಗುತ್ತೇನೆಂದು ಗಂಡ ಹೇಳುತ್ತಿದ್ದರೆ ತೆರೆಯ ತುಂಬ ಬಟಾಣಿ ಬಿಡಿಸುತ್ತಿರುವ ಹೆಂಡತಿ. ಮ್ಯಾನೇಜರು ಕೆಲಸದಿಂದ ತೆಗೆಯುತ್ತಿದ್ದರೆ ಮೇಜಿನ ಈಚೆ ಪೆನ್ನಿನ ಕ್ಯಾಪು ಹಾಕುತ್ತ ತೆಗೆಯುತ್ತ ಕೂತ ಗುಮಾಸ್ತ. ಮಾತಾಡುವವರದ್ದು ಏನಿದ್ದರೂ ಒಂದು ಭುಜ, ಒಂದು ಕಿವಿ, ಹೆಚ್ಚೆಂದರೆ ಹಿಂದಲೆಯ ಬೋಳು.

ಮೊದಲ ಸಿನಿಮಾ ಬಂದಾಗ ಜನ ರೀಲು ತಪ್ಪಾಗಿ ಹಾಕಿದ್ದಾರೆಂದು ಥಿಯೇಟರಿನಲ್ಲಿ ಗಲಾಟೆ ಮಾಡಿದ್ದರಂತೆ. ಮೂರನೆಯದರ ಹೊತ್ತಿಗೆ ಪತ್ರಿಕೆಯವರು ಅದನ್ನು ಶೈಲಿ ಎಂದರು. ಆರನೆಯದರ ಹೊತ್ತಿಗೆ ಕಾಲೇಜುಗಳಲ್ಲಿ ಪ್ರಬಂಧ ಬರೆಯತೊಡಗಿದರು. ಇದು ಅಧಿಕಾರದ ಮುಖವನ್ನು ಮರೆಮಾಡುವ ಕ್ರಮ ಎಂದು ಒಬ್ಬ, ಇಲ್ಲ ಇಲ್ಲ, ಇದು ಡೈರೆಕ್ಟರಿಗೆ ಚಿಕ್ಕಂದಿನಲ್ಲಿ ಅಪ್ಪನ ಮುಖ ಕಂಡರೆ ಆಗುತ್ತಿದ್ದ ಭಯ ಎಂದು ಇನ್ನೊಬ್ಬ. ಡೈರೆಕ್ಟರು ಎಲ್ಲವನ್ನೂ ಓದಿ, ಎಲ್ಲದಕ್ಕೂ "ಇರಬಹುದು" ಎನ್ನುತ್ತಿದ್ದರು.

ಕೊನೆಯ ಮೂರು ಸಿನಿಮಾಗಳನ್ನು ಕತ್ತರಿಸಿ ಜೋಡಿಸಿದ ಎಡಿಟರಿಗೆ ಈ ಪ್ರಬಂಧಗಳಲ್ಲಿ ಆಸಕ್ತಿ ಇರಲಿಲ್ಲ. ಅವಳ ತಲೆ ಕೊರೆಯುತ್ತಿದ್ದದ್ದೇ ಬೇರೆ. ಡೈರೆಕ್ಟರ ಶೂಟಿಂಗಿನಲ್ಲಿ ಯಾವಾಗಲೂ ಎರಡು ಕ್ಯಾಮೆರಾ ಇರುತ್ತಿದ್ದವು. ಒಂದು ಕೇಳುವವರ ಕಡೆಗೆ, ಒಂದು ಹೇಳುವವರ ಕಡೆಗೆ. ಎರಡೂ ಒಟ್ಟಿಗೆ ಓಡುತ್ತಿದ್ದವು. ಆದರೆ ಅವಳ ಕೋಣೆಗೆ ಬರುತ್ತಿದ್ದದ್ದು ಮೊದಲನೇ ಕ್ಯಾಮೆರಾದ್ದು ಮಾತ್ರ. ಎರಡನೆಯದು ಎಲ್ಲಿ ಎಂದು ಅವಳು ತನ್ನ ಮೊದಲ ಸಿನಿಮಾದಲ್ಲೇ ಕೇಳಿದ್ದಳು. "ಭಾವನ ಹತ್ರ ಇದೆ, ನಮಗೆ ಬೇಡ," ಎಂದಿದ್ದರು ಡೈರೆಕ್ಟರು. ಎಂದೂ ಬಳಸದ್ದನ್ನು ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಯಾಕೆ ತೆಗೆಯುತ್ತಾನೆ? ಈ ಪ್ರಶ್ನೆ ಒಂಬತ್ತು ವರ್ಷಗಳಿಂದ ಅವಳ ಜೊತೆ ಬಾಡಿಗೆದಾರನ ಹಾಗೆ ವಾಸವಾಗಿತ್ತು.

ಅದನ್ನು ಖಾಲಿ ಮಾಡಿಸುವ ಕಾಲ ಬಂದದ್ದು ಕಂಡಕ್ಟರಿಂದ.

ಫಿಲಂ ಸೊಸೈಟಿಯವರು ಒಂಬತ್ತೂ ಸಿನಿಮಾಗಳನ್ನು ಮೂರು ದಿನ ತೋರಿಸುವವರಿದ್ದರು. ಕೊನೆಯ ದಿನದ ಕೊನೆಯ ಅರ್ಧ ಗಂಟೆ, ಯಾರೂ ನೋಡದ ತುಣುಕುಗಳನ್ನು ಎಡಿಟರ್ ಜೋಡಿಸಿ ಕೊಡಬೇಕು. ಆಹ್ವಾನ ಪತ್ರಿಕೆ ಅಚ್ಚಾದ ಮಾರನೇ ಬೆಳಿಗ್ಗೆಯೇ ಕಂಡಕ್ಟರು ಅವಳ ಕೋಣೆಗೆ ಬಂದರು. ಸಿನಿಮಾದವರು ಅವರನ್ನು ಕಂಡಕ್ಟರ್ ಎನ್ನುತ್ತಿದ್ದದ್ದಕ್ಕೆ ದೊಡ್ಡ ಕಾರಣವೇನಿಲ್ಲ, ಅವರು ಕಂಡಕ್ಟರೇ ಆಗಿದ್ದರು. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ರಜೆ ಹಾಕಿ ಹಾಕಿ ಏಳು ಸಿನಿಮಾಗಳಲ್ಲಿ ನಟಿಸಿದ್ದರು. ಮನೆ ಬಿಡುವ ಗಂಡ ಅವರೇ, ಕೆಲಸದಿಂದ ತೆಗೆಯುವ ಮ್ಯಾನೇಜರೂ ಅವರೇ, ಮಗಳಿಗೆ ಸುಳ್ಳು ಹೇಳುವ ತಂದೆಯೂ ಅವರೇ. ಆ ದನಿ ಕೇಳಿದರೆ ಗೋಡೆಯೂ ಸರಿದು ಜಾಗ ಬಿಡಬೇಕು, ಹಾಗಿತ್ತು.

"ಕೂತ್ಕೊಳ್ಳಲಾ?" ಎಂದು ಕೂತ ಮೇಲೆ ಕೇಳಿದರು.

"ಟೀ ತರಿಸ್ತೀನಿ ಮಾವ."

"ಕುಡ್ದೇ ಬಂದೆ. ತರ್ಸು, ಬೇಡ ಅನ್ನಲ್ಲ. ನೋಡಮ್ಮ, ಸುತ್ತಿ ಬಳಸಿ ಮಾತಾಡೋದು ನಂಗೆ ಬರಲ್ಲ. ನಂದು ಹಾಕ್ತೀಯೋ ಇಲ್ವೋ?"

"ನಿಮ್ಮದು ಏನು?"

"ಮೂತಿ."

ಬಂದ ಟೀಯನ್ನು ಎಡಿಟರ್ ಅವರ ಕೈಗೆ ಕೊಟ್ಟಳು.

"ಮೊದಲ್ನೇ ಸಿನಿಮಾ ಮಾಡ್ದಾಗ ನಂಗೆ ಮೂವತ್ತೇಳು. ತಲೆ ತುಂಬ ಕೂದಲಿತ್ತು. ನಿಮ್ಮದೂ ತೆಗೀತಿದೀವಿ, ಎಲ್ಲಾ ಜೋಪಾನವಾಗಿದೆ, ಒಂದಿನ ಬೇಕಾಗುತ್ತೆ ಅಂತ ಡೈರೆಕ್ಟ್ರೇ ಹೇಳಿದಾರೆ. ನಾನು ಒಂದಿನಾನೂ ತೋರ್ಸಿ ಅಂದಿಲ್ಲ. ಈಗ ಆ ದಿನ ಬಂತಲ್ಲ." ಅವರು ಟೀ ಲೋಟವನ್ನು ಕೀಬೋರ್ಡಿನ ಪಕ್ಕಕ್ಕಿಟ್ಟರು, ಅವಳು ಅದನ್ನು ಮೆಲ್ಲಗೆ ದೂರ ಸರಿಸಿದಳು. "ನಮ್ಮನೆಯವಳು ಇಡೀ ಬೀದಿಗೆ ಹೇಳ್ಕೊಂಡು ನಗ್ತಾಳೆ, ನಮ್ಮ ಯಜಮಾನ್ರು ಸಿನಿಮಾದಲ್ಲಿ ಭುಜದ ಪಾತ್ರ ಮಾಡ್ತಾರೆ ಅಂತ. ಈ ಸಲ ಅವಳನ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ. ಡಿಪೋದವರು ಹದಿನೆಂಟು ಜನ ಬರ್ತಿದಾರೆ. ಎಲ್ಲರಿಗೂ ಹೇಳಿಬಿಟ್ಟಿದೀನಿ."

"ಇದ್ರೆ ಖಂಡಿತ ಹಾಕ್ತೀನಿ ಮಾವ."

"ಇದ್ರೆ ಅಂದ್ರೆ? ಇದೆ. ಭಾವನ ಸ್ಟುಡಿಯೋದಲ್ಲಿ ನಾನೇ ಡಬ್ಬ ನೋಡಿದೀನಿ. ಮೇಲೆ ನನ್ನ ಸೀನ್ ನಂಬರ್ ಬರ್ದಿದಾರೆ."

ಭಾವ ನಿಜಕ್ಕೂ ಭಾವನಾಗಬೇಕಾದದ್ದು ಡೈರೆಕ್ಟರಿಗೆ ಮಾತ್ರ. ಅವರ ಅಕ್ಕನ ಗಂಡ. ಆದರೆ ಒಂಬತ್ತು ಸಿನಿಮಾಗಳಿಗೆ ಅವರೇ ಕ್ಯಾಮೆರಾ ಹಿಡಿದು, ಈಗ ಇಡೀ ಯೂನಿಟ್ಟಿಗೆ ಭಾವನಾಗಿಬಿಟ್ಟಿದ್ದರು. ಸಿನಿಮಾ ಇಲ್ಲದ ದಿನಗಳಲ್ಲಿ ಅವರು ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ನೀಲಿ ಪರದೆ, ಒಂದು ಸ್ಟೂಲು, ಬಾಚಣಿಗೆ ತೂಗುಹಾಕಿದ ಕನ್ನಡಿ. ಹಿಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್. ಮಿಷನ್ ಮೇಲಿನ ಗೋಡೆಗೆ ಮೂರು ಹಲಗೆ, ಹಲಗೆಗಳ ಮೇಲೆ ಅಗಲವಾದ ತಗಡಿನ ಫಿಲ್ಮ್ ಡಬ್ಬಗಳು. ಅಂದೇ ಅಲ್ಲಿಗೆ ಹೋದ ಎಡಿಟರ್ ಎಣಿಸಿದಳು. ನಲವತ್ತೆರಡು. ಪ್ರತಿಯೊಂದರ ಮೇಲೂ ಸಿನಿಮಾದ ಹೆಸರು, ತಾರೀಖು, ಸೀನು, ಎರಡನೇ ಕ್ಯಾಮೆರಾ ಎಂದು ದುಂಡಗೆ ಬರೆದ ಚೀಟಿ.

"ಒಂದು ನಾಲ್ಕು ಡಬ್ಬ ಲ್ಯಾಬಿಗೆ ಕಳಿಸ್ತೀನಿ ಭಾವ. ಸ್ಕ್ಯಾನ್ ಮಾಡಿಸಿ ವಾಪಸ್ ಕೊಡ್ತೀನಿ."

"ಅಯ್ಯೋ, ಅವನ್ನ ಮುಟ್ಟಬೇಡ. ಹಳೇ ಫಿಲ್ಮು, ಗಾಳಿ ತಾಗಿದ್ರೆ ಹೋಗುತ್ತೆ."

"ಹೋದ್ರೆ ಹೋಗ್ಲಿ. ಇಟ್ಕೊಂಡಾದ್ರೂ ಏನ್ ಮಾಡ್ತೀರಾ?"

"ತುಕ್ಕು ಹಿಡಿದಿದೆ, ಮುಚ್ಚಳ ತೆಗೆಯಕ್ಕೆ ಬರಲ್ಲ."

ಅಕ್ಕ ಮಿಷನ್ನಿನಿಂದ ತಲೆ ಎತ್ತದೆ ಕೈ ಮೇಲೆ ಚಾಚಿ, ಮೊದಲ ಸಿನಿಮಾದ ಹದಿನೇಳನೇ ಸೀನನ್ನು ಎಳೆದು, ಹೆಬ್ಬೆರಳಿನಲ್ಲಿ ಮುಚ್ಚಳ ಹಾರಿಸಿ, ಒಂದು ಕಪ್ಪು ಗುಂಡಿ ಆರಿಸಿಕೊಂಡರು.

ಎಡಿಟರ್ ಡಬ್ಬದೊಳಕ್ಕೆ ನೋಡಿದಳು. ಬರೀ ಗುಂಡಿಗಳು. ಪಕ್ಕದ ಡಬ್ಬ ತೆಗೆದಳು, ದಾರದ ಉಂಡೆಗಳು. ಅದರ ಪಕ್ಕದ್ದರಲ್ಲಿ ತುಂಡು ಝಿಪ್ಪು, ಎರಡು ಬೀಗದ ಕೈ, ಸವೆದ ಸೀಮೆಸುಣ್ಣ. ಐದಾರು ಡಬ್ಬಗಳಲ್ಲಿ ಏನೂ ಇರಲಿಲ್ಲ.

"ಅದರೊಳಗೆ ಏನಿರುತ್ತೆ ಮಣ್ಣು?" ಎಂದರು ಅಕ್ಕ. "ನಿಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ವಾ? ಹೇಳ್ರೀ, ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀರಿ."

ಭಾವ ಮುಂದಿನ ಕೋಣೆಯ ಸ್ಟೂಲನ್ನು ಎಳೆದು ತಂದು ಕೂತರು. ಅವರು ಹೇಳಿದ್ದಿಷ್ಟು. ಮೊದಲ ಸಿನಿಮಾಕ್ಕೆ ಸಿಕ್ಕಿದ್ದ ಫಿಲ್ಮು, ಜಾಹೀರಾತು ತೆಗೆಯುವವರು ಬಳಸದೆ ಉಳಿಸಿದ್ದ ತುಂಡುಗಳು. ಮಾತಾಡುವವರನ್ನೋ ಕೇಳುವವರನ್ನೋ, ಇಬ್ಬರಲ್ಲಿ ಒಬ್ಬರನ್ನು ತೆಗೆಯುವಷ್ಟು ಮಾತ್ರ. ಮಾತು ಹೇಗೂ ಕಿವಿಗೆ ಬೀಳುತ್ತದೆ, ಕೇಳುವವರನ್ನು ತೆಗೆಯೋಣ ಎಂದರು ಡೈರೆಕ್ಟರು. ಕಂಡಕ್ಟರಿಗೂ ಹಾಗೇ ಹೇಳಿದರು. ಮುಖ ಕಾಣುವುದಿಲ್ಲ ಎಂದು ತಿಳಿದ ಕಂಡಕ್ಟರು ಮೊದಲ ದಿನ ಬೆನ್ನು ಕೆರೆದುಕೊಳ್ಳುತ್ತ, ಬಸ್ ಸ್ಟಾಪುಗಳ ಹೆಸರು ಕೂಗುವ ಹಾಗೆ ಮಾತು ಒಪ್ಪಿಸಿದರು. ಎದುರಿಗೆ ಅಳಬೇಕಾಗಿದ್ದ ಹೆಂಡತಿಗೆ ಆಕಳಿಕೆ ಬಂತು.

"ಎರಡನೇ ದಿನ ನನ್ನ ಹಳೇ ಕ್ಯಾಮೆರಾ ತಂದು ಅವರ ಎದುರಿಗೆ ನಿಲ್ಸಿದ್ವಿ. ಒಳಗೆ ಫಿಲ್ಮಿಲ್ಲ. ಬರೀ ಓಡಿದ್ರೆ ಸದ್ದು ಬೇರೆ ಬರುತ್ತೆ ಅಂತ ಹಾಳಾದ ಫಿಲ್ಮಿಂದು ಒಂದು ಉಂಗುರ ಮಾಡಿ ಹಾಕಿದ್ದೆ, ಅದೇ ಸುತ್ತುತಾ ಇರೋದು. ನಿಮ್ಮದೂ ತೆಗೀತಿದೀವಿ ಅಂದ್ವಿ. ಅವತ್ತು ಆ ಮನುಷ್ಯ ಮಾತಾಡಿದ್ದು ಇದೆಯಲ್ಲ, ನಂಗೇ ಮೈ ಜುಂ ಅಂತು. ಎದುರಿಗಿದ್ದವಳ ಮುಖ ಇಳಿದುಹೋಯ್ತು. ಆಮೇಲೆ ಅದೇ ಪದ್ಧತಿ ಆಯ್ತು."

"ಚೀಟಿ?"

"ಒಂದ್ಸಲ ಕಂಡಕ್ಟ್ರು ಸ್ಟುಡಿಯೋಗೆ ಬಂದ್ಬಿಟ್ರು. ಏನಾದ್ರೂ ತೋರಿಸ್ಬೇಕಾಯ್ತಲ್ಲ."

ಎಡಿಟರ್ ಯೋಚಿಸಿದಳು. "ಆದ್ರೆ ಕೊನೇ ಮೂರು ಸಿನಿಮಾಗೆ ಫಿಲ್ಮೇ ಇಲ್ವಲ್ಲ ಭಾವ. ಎಲ್ಲಾ ಮೆಮೊರಿ ಕಾರ್ಡಿಗೆ ತಾನೇ ತೆಗ್ದಿದ್ದು? ಕಾರ್ಡಿಗೇನು ಬರಗಾಲ? ಅವಾದ್ರೂ ಇರ್ಬೇಕು."

ಭಾವ ಗುಂಡಿಯ ಡಬ್ಬಕ್ಕೆ ಮುಚ್ಚಳ ಹಾಕಿದರು. "ಕಾರ್ಡು ಹಾಕ್ಬಹುದಿತ್ತು," ಎಂದರು.

"ಮತ್ತೆ?"

"ಎರಡನೇ ಕ್ಯಾಮೆರಾಗೆ ಹಾಕಿ ಅಭ್ಯಾಸ ಇಲ್ಲ."

"ಅಭ್ಯಾಸ ಇಲ್ವಂತೆ," ಎಂದರು ಅಕ್ಕ, ದಾರವನ್ನು ಹಲ್ಲಿನಿಂದ ಕಡಿದು. "ಒಂಬತ್ತು ವರ್ಷ, ಇಬ್ಬರು ಗಂಡಸರು. ಒಬ್ಬರ ತಲೆಗಾದ್ರೂ ಹೊಳೀಬೇಡ್ವಾ? ರೆಡ್ ಲೈಟ್ ಬರ್ತಿಲ್ಲ ಅಂತ ಗೊತ್ತಾಗ್ಬಾರದು ಅಂತ ಅದರ ಮೇಲೆ ಕಪ್ಪು ಟೇಪ್ ಅಂಟಿಸೋದು ಮಾತ್ರ ಹೊಳೀತು."

ಡೈರೆಕ್ಟರು ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಪ್ರತಿ ಸಿನಿಮಾ ಮುಗಿದ ಮೇಲೆ ಕೇಳುವವರು ಕೂತ ಕುರ್ಚಿಯನ್ನು ಮನೆಗೆ ತರುವುದು ಅವರ ಚಟ. ಒಂದಕ್ಕೊಂದು ಸಂಬಂಧವಿಲ್ಲದ ಒಂಬತ್ತು ಕುರ್ಚಿಗಳ ನಡುವೆ ನಡೆದಾಡಲು ಜಾಗವಿರಲಿಲ್ಲ. ಎಡಿಟರ್ ಹೋದಾಗ ಅವರು ಅಂಗಿ ಇಸ್ತ್ರಿ ಮಾಡುತ್ತಿದ್ದರು. ಅವಳ ಮಾತನ್ನೆಲ್ಲ ಕೇಳಿ, ಕಾಲರನ್ನು ಮಡಿಸಿ, ಮತ್ತೆ ಬಿಡಿಸಿ ಇಸ್ತ್ರಿ ಎಳೆದರು.

"ಅಕ್ಕನ ಬಾಯಿ," ಎಂದರು.

"ಅಕ್ಕನ ಬಾಯಲ್ಲ ಸರ್. ಅಕ್ಕನ ಗುಂಡಿ."

"ಸರಿ, ಕೇಳು. ತನ್ನನ್ನ ಯಾರೂ ನೋಡ್ತಿಲ್ಲ ಅಂತ ಗೊತ್ತಾದ್ರೆ ಮನುಷ್ಯ ಮಾತಾಡೋದೇ ಬೇರೆ. ನಂಗೆ ಬೇಕಾಗಿದ್ದದ್ದು ಕೇಳೋರ ಮುಖ. ಅದನ್ನ ಹಾಗೆ ಬರೋ ಹಾಗೆ ಮಾಡೋ ಮಾತು ಬೇಕಿತ್ತು. ಬಂತು. ಒಂಬತ್ತು ಸಿನಿಮಾ ನಿಂತಿರೋದು ಅದರ ಮೇಲೇನೇ."

"ಮೊದಲ್ನೇದಕ್ಕೆ ಒಪ್ಕೋತೀನಿ. ಆಮೇಲಿನ ಎಂಟಕ್ಕೆ?"

"ಒಂದ್ಸಲ ಇದೆ ಅಂದ್ಮೇಲೆ ಇಲ್ಲ ಅನ್ನೋದು ಹೇಗೆ?"

ಅದು ನಿಜವಾದ ಉತ್ತರವೆಂದು ಅವಳಿಗೆ ಅನ್ನಿಸಿತು. ಕಾಲೇಜಿನವರು ಬರೆದ ಪ್ರಬಂಧಗಳಲ್ಲಿ ಈ ಒಂದು ಸಾಲು ಎಲ್ಲೂ ಇರಲಿಲ್ಲ.

"ಒಂದು ಕೆಲಸ ಮಾಡೋಣ," ಎಂದರು ಡೈರೆಕ್ಟರು ಇಸ್ತ್ರಿ ಆರಿಸಿ. "ಕೊನೇ ಸಿನಿಮಾ ತೆಗೆದು ಎರಡು ವರ್ಷ ಆಯ್ತು ಅಷ್ಟೇ. ಕಾರ್ಡು ಕೆಟ್ಟೋಯ್ತು, ಆ ಸೀನ್ ಇನ್ನೊಂದ್ಸಲ ತೆಗೀತೀವಿ ಅಂತ ಕರೆಯೋಣ. ಅದೇ ಅಂಗಿ ಹಾಕ್ಸೋಣ. ನೀನು ಜೋಡಿಸು."

"ಆಗಲ್ಲ ಸರ್."

"ಯಾಕೆ, ಮ್ಯಾಚ್ ಆಗಲ್ವಾ?"

"ಮ್ಯಾಚ್ ಆಗುತ್ತೆ. ನಾನು ಮಾಡಲ್ಲ."

"ಹಾಗಾದ್ರೆ ನೀನೇ ಹೋಗಿ ಹೇಳು. ನಿಂಗೆ ನಯವಾಗಿ ಹೇಳಕ್ಕೆ ಬರುತ್ತೆ."

"ನಾನು ಜೋಡಿಸೋಳು ಸರ್. ತೆಗ್ದವರು ನೀವು. ತೆಗೀದೇ ಇದ್ದವರೂ ನೀವೇ."

ಡೈರೆಕ್ಟರು ಇಸ್ತ್ರಿ ಮಾಡಿದ ಅಂಗಿಯನ್ನು ಅವಳ ಎದುರಿಗೇ ಹಾಕಿಕೊಂಡು ಹೊರಟರು. ಅವಳೂ ಜೊತೆಗೆ ಹೋದಳು.

ಕಂಡಕ್ಟರ ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು, ಒಳಕ್ಕೆ ಕೂಗಿದರು: "ರೀ, ನಿಮ್ಮ ಭುಜದ ಯಜಮಾನ್ರು ಬಂದಿದಾರೆ." ಹಜಾರದಲ್ಲಿ ಒಂದು ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ. ಗೋಡೆಯ ಮೇಲೆ ಡಿಪೋದವರು ಕೊಟ್ಟ ಗಡಿಯಾರ. ಡೈರೆಕ್ಟರು ಕೂತವರೇ ನೇರವಾಗಿ ಶುರುಮಾಡಿದರು. ಎಡಿಟರ್ ಅವರತ್ತ ನೋಡಲಿಲ್ಲ, ಕಂಡಕ್ಟರನ್ನೇ ನೋಡುತ್ತಿದ್ದಳು. ಮೊದಲು ಅವರು ಅತಿಥಿಗೆ ತೋರಿಸುವ ನಗುವಿನಲ್ಲಿದ್ದರು. ಫಿಲ್ಮಿರಲಿಲ್ಲ ಎಂಬ ಮಾತು ಬಂದಾಗ ನಗು ಇದ್ದ ಹಾಗೇ ಇತ್ತು, ಅದರ ಹಿಂದಿನದು ಹೋಯಿತು. ಉಂಗುರದ ಮಾತು ಬಂದಾಗ ತಲೆಯನ್ನು ಒಂದಿಷ್ಟು ಓರೆ ಮಾಡಿ, ಆ ಸದ್ದನ್ನು ನೆನಪಿಸಿಕೊಳ್ಳುವವರ ಹಾಗೆ ಕೇಳಿದರು. ಕೈ ಮಾತ್ರ ಲುಂಗಿಯ ಅಂಚನ್ನು ಮಡಿಸುತ್ತಲೇ ಇತ್ತು.

"ಮೊದಲ್ನೇದರಿಂದಾನಾ?"

"ಮೊದಲ್ನೇದರಿಂದ."

"ಬಟಾಣಿ ಸೀನೂ?"

"ಅದೂ."

"ಅವತ್ತು ನಂಗೆ ನೂರಾ ಮೂರು ಜ್ವರ," ಎಂದರು ಕಂಡಕ್ಟರು, ಇದಕ್ಕೂ ಅದಕ್ಕೂ ಸಂಬಂಧವಿದೆಯೆಂಬಂತೆ.

ಇಷ್ಟು ವರ್ಷ ನಕ್ಕಿದ್ದ ಹೆಂಡತಿ ಈಗ ನಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಾನು ಆಡ್ಕೋಬಹುದು ರೀ, ಕಟ್ಕೊಂಡವಳು. ನೀವು ಹೀಗೆ ಮಾಡಬಾರದಿತ್ತು," ಎಂದರು ಡೈರೆಕ್ಟರಿಗೆ.

ಡೈರೆಕ್ಟರು "ಹೌದು" ಎಂದರು.

"ಒಂದು ಕೇಳ್ತೀನಿ," ಎಂದರು ಕಂಡಕ್ಟರು. "ನಾನು ಹಾಗೆಲ್ಲ ಮಾತಾಡ್ತಿದ್ದಾಗ ನನ್ನ ಮುಖ ನೋಡ್ತಿದ್ದವರು ಯಾರು? ಭಾವ ಅವಳನ್ನ ತೆಗೆಯೋ ಕ್ಯಾಮೆರಾದಲ್ಲಿ. ನೀವೂ ಅಲ್ಲೇ. ನನ್ನ ಕಡೇದು ತಾನಾಗೇ ಓಡ್ತಿತ್ತು."

"ಎದುರಿಗೆ ಕೂತವಳು ನೋಡ್ತಿದ್ಲಲ್ಲ."

"ಅವಳು ನೋಡಿರ್ಬಹುದು. ನಾನು ಅವಳನ್ನ ನೋಡ್ಲಿಲ್ಲ. ನನ್ನ ಗಮನ ಎಲ್ಲಾ ಅವಳ ಕಿವಿ ಪಕ್ಕದ ನಿಮ್ಮ ಡಬ್ಬಾ ಕ್ಯಾಮೆರಾ ಮೇಲೆ. ಥಿಯೇಟರಲ್ಲೂ ಅವಳನ್ನ ನೋಡ್ಲಿಲ್ಲ, ನನ್ನ ಭುಜ ನೋಡ್ತಾ ಕೂತಿದ್ದೆ." ಅವರು ಎದ್ದು ಹೋಗಿ ನೀರು ಕುಡಿದು ಬಂದರು. ಬಂದು ಕೂರಲಿಲ್ಲ. "ಆ ಕೊನೇ ಅರ್ಧ ಗಂಟೆ ಇದೆಯಲ್ಲ, ಅದು ನಂದು. ನನ್ನ ಐದು ಸೀನ್ ಹಾಕು ಮಗಳೇ, ನನ್ನ ಮಾತು ತೆಗೆದುಬಿಡು. ಪರದೆ ಪಕ್ಕ ನಾನು ನಿಂತ್ಕೋತೀನಿ. ಮುಖಕ್ಕೆ ಒಂದು ಲೈಟ್ ಕೊಡಿ. ಮಾತು ನಾನು ಆಡ್ತೀನಿ."

"ಅದು ಸಿನಿಮಾ ಆಗಲ್ಲ ಕಂಡಕ್ಟ್ರೇ," ಎಂದರು ಡೈರೆಕ್ಟರು.

"ಬೇಡ."

"ಜನ ಪರದೆ ನೋಡಲ್ಲ, ನಿಮ್ಮನ್ನ ನೋಡ್ತಾರೆ."

"ಮತ್ತೆ ನಾನು ಏನು ಹೇಳ್ತಿದೀನಿ?"

ಎಡಿಟರ್ ಐದು ಸೀನುಗಳಿಂದ ಕಂಡಕ್ಟರ ದನಿಯನ್ನು ತೆಗೆದಳು. ಉಳಿದದ್ದು ಬಟಾಣಿ ಬಟ್ಟಲಿಗೆ ಬೀಳುವ ಸದ್ದು, ಪೆನ್ನಿನ ಕ್ಯಾಪು, ದೂರದ ರಸ್ತೆ. ಒಮ್ಮೆ ಅಭ್ಯಾಸ ಮಾಡೋಣ ಎಂದರೆ ಕಂಡಕ್ಟರು ಒಪ್ಪಲಿಲ್ಲ. ಎಲ್ಲ ಬಾಯಿಪಾಠ ಇದೆ ಎಂದರು.

ಕೊನೆಯ ದಿನ ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು. ಹೆಂಡತಿ ಮುಂದಿನ ಸಾಲಿನಲ್ಲಿ, ಅವರ ಹಿಂದೆ ಡಿಪೋದ ಹದಿನೆಂಟು ಜನ. ಕಂಡಕ್ಟರು ಪರದೆಯ ಎಡಕ್ಕೆ ಬಂದು ಜನರ ಕಡೆ ಮುಖ ಮಾಡಿ ನಿಂತರು. ಮುಖದ ಮೇಲೆ ಬೆಳಕು ಬಿತ್ತು. ಡಿಪೋದವರು ಶಿಳ್ಳೆ ಹಾಕಿದರು.

ಮೊದಲನೇ ಸೀನು ಕೆಟ್ಟಿತು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಕಂಡಕ್ಟರ ಹುಬ್ಬುಗಳು ಹಣೆಯಲ್ಲಿ ನಿಲ್ಲಲಿಲ್ಲ. ಮೂವತ್ತೊಂದು ವರ್ಷ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಸುರಿದರು. ಎಡಿಟರಿಗೆ ಒಂದು ಕ್ಷಣ ಡೈರೆಕ್ಟರ ಬಗ್ಗೆ ಗೌರವ ಹೆಚ್ಚಿತು. ಅದು ಸಾಲದೆಂಬಂತೆ, ಅವರು ಪರದೆಗೆ ಬೆನ್ನು ಕೊಟ್ಟು ನಿಂತದ್ದರಿಂದ ಹಿಂದೆ ಏನಾಗುತ್ತಿದೆ ಎಂಬುದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಗುಮಾಸ್ತನನ್ನು ಕೆಲಸದಿಂದ ತೆಗೆದಿದ್ದೇನೆಂದು ಅವರು ಹೇಳುವ ಮೊದಲೇ ಗುಮಾಸ್ತ ಎದ್ದು ಹೋಗಿಯಾಗಿತ್ತು. ಸಭೆಯಲ್ಲಿ ನಗು ಎದ್ದಿತು. "ಹುಬ್ಬು ಜಾಸ್ತಿ ಆಯ್ತು," ಎಂದು ಹೆಂಡತಿ ಪಿಸುಗುಟ್ಟಿದ್ದು ಮೂರು ಸಾಲಿಗೆ ಕೇಳಿಸಿತು.

ಕಂಡಕ್ಟರಿಗೆ ನಗು ಯಾಕೆಂದು ತಿಳಿಯಲಿಲ್ಲ. ತಿರುಗಿ ನೋಡಿದರು. ಖಾಲಿ ಕುರ್ಚಿ ಕಂಡಿತು.

ಎರಡನೆಯದು ಬಟಾಣಿಯದು. ಅವರು ಜನರ ಕಡೆಗೆ ಮರಳಿ ತಿರುಗಿ ಮೊದಲ ಮಾತು ಆಡಿದರು, ನಿಲ್ಲಿಸಿದರು, ಮತ್ತೆ ಪರದೆಯತ್ತ ನೋಡಿದರು. ಹೆಂಡತಿಯ ಪಾತ್ರದವಳು ಸಿಪ್ಪೆ ಸುಲಿಯುತ್ತಿದ್ದಳು, ತಲೆ ಎತ್ತಿರಲಿಲ್ಲ. ಅವಳು ತಲೆ ಎತ್ತುವವರೆಗೂ ಕಂಡಕ್ಟರು ಕಾದರು. ಎತ್ತಿದ ಮೇಲೆ ಎರಡನೇ ಮಾತು ಆಡಿದರು, ಸಣ್ಣ ದನಿಯಲ್ಲಿ. ಅವಳ ಕೈ ನಿಂತಿತು. ಮೂರನೆಯದನ್ನು ಆಡಲು ಅವರು ಪೂರ್ತಿ ಅವಳ ಕಡೆಗೆ ತಿರುಗಬೇಕಾಯಿತು. ಸಭೆಗೆ ಈಗ ಕಾಣುತ್ತಿದ್ದದ್ದು ಅವರ ಬೆನ್ನು, ಒಂದು ಭುಜ, ಹಿಂದಲೆ. ಲೈಟು ವ್ಯರ್ಥವಾಗಿ ಕತ್ತಿನ ಮೇಲೆ ಬೀಳುತ್ತಿತ್ತು. ಯಾರೂ ಶಿಳ್ಳೆ ಹಾಕಲಿಲ್ಲ.

ಆ ಮುಖದ ಮೇಲೆ ಈಗ ಏನಿರಬಹುದು? ಎಡಿಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೌಂಡಿನ ಮೇಜು ಬಿಟ್ಟು, ಗೋಡೆಯ ಪಕ್ಕದಲ್ಲೇ ನಡೆದು, ವೇದಿಕೆಯ ಬಲಬದಿಯ ಬಟ್ಟೆ ಪರದೆಯ ಹಿಂದಕ್ಕೆ ನುಗ್ಗಿದಳು. ಅಲ್ಲಿ ಆಗಲೇ ಡೈರೆಕ್ಟರಿದ್ದರು. ಅವರ ಕಣ್ಣು ಸಿನಿಮಾದ ಮೇಲಿರಲಿಲ್ಲ. ಅವಳಿಗೆ ಜಾಗ ಮಾಡಿಕೊಡಲು ಅರ್ಧ ಹೆಜ್ಜೆ ಸರಿದರು, ನೋಟ ಮಾತ್ರ ಕದಲಿಸಲಿಲ್ಲ.

ಕಂಡಕ್ಟರ ಹುಬ್ಬು ಇದ್ದಲ್ಲೇ ಇತ್ತು. ಪರದೆಯ ಬೆಳಕು ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದು, ಮುಂದಿನ ಮಾತನ್ನು ಹಿಡಿದುಕೊಂಡು, ಅವಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಈಗ ತಾನೇ ಯೋಚಿಸುತ್ತಿರುವವರ ಹಾಗೆ ನಿಂತಿದ್ದರು.

"ನಾಳೆ ಬೆಳಿಗ್ಗೆ ಹೋಗ್ತೀನಿ," ಎಂದರು ಅವಳಿಗೆ. ಪರದೆಯ ಮೇಲೆ ಅವಳ ಕಣ್ಣು ತುಂಬಿತು. ಕಂಡಕ್ಟರು ಅದನ್ನು ಕೊನೆಯವರೆಗೂ ನೋಡಿದರು.

ಮೂರನೇ ಸೀನು ಶುರುವಾಯಿತು. ಅವರು ಸಭೆಯ ಕಡೆ ತಿರುಗಲಿಲ್ಲ.